ಮುಲಾಮನ್ನು ಎಷ್ಟು ಹಚ್ಚಬೇಕು?

ಅಕ್ಕಿಯನ್ನು ಸೇರು ಪಾವುಗಳಿಂದಲೂ ಎಣ್ಣೆಯನ್ನು ಕುಡ್ತೆಯಿಂದಲೂ ಅಳೆದು ಬಾಳಿದ ಜನ ನಾವು. ಈಗ ಕಿಲೋ, ಲೀಟರುಗಳು ಬಂದಿವೆ. ಅಳೆಯುವ ಅಭ್ಯಾಸವು ಮಾತ್ರ ಹಾಗೆಯೇ ಉಳಿದಿದೆ. ಜ್ವರಕ್ಕೆ ಮಾತ್ರೆ ಕೊಟ್ಟರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಎಣಿಸಿ ನುಂಗುತ್ತೇವೆ. ಕೆಮ್ಮಿನ ಔಷಧಕ್ಕೆ ಬಾಟಲಿಯ ಮುಚ್ಚಳದಲ್ಲಿಯೇ ಗೆರೆಯಿರುತ್ತದೆ. ಆದರೆ ಚರ್ಮಕ್ಕೆ ಹಚ್ಚುವ ಮುಲಾಮಿನ ಟ್ಯೂಬೊಂದು ಮನೆಗೆ ಬಂದಾಗ ಅಳತೆಯ ಮಾತೇ ಮರೆತುಹೋಗುತ್ತದೆ. "ಎಷ್ಟು ಹಚ್ಚಬೇಕು?" ಎಂದು ಕೇಳಿದರೆ ಬಹುಮಟ್ಟಿಗೆ ದೊರೆಯುವ ಉತ್ತರ ಒಂದೇ: "ಸ್ವಲ್ಪ." ತುಳುವಿನಲ್ಲಿ ಅದು 'ಒಂತೆ', ಹವ್ಯಕರ ಮನೆಯಲ್ಲಿ 'ರಜ್ಜ', ಮಲಯಾಳದಲ್ಲಿ 'ಕುರಚ್ಚ್'. ನಮ್ಮ ಕಾಸರಗೋಡಿನ ಸೀಮೆಯಲ್ಲಿ ಭಾಷೆಗಳು ಹಲವಿದ್ದರೂ ಈ ಶಬ್ದವು ಯಾವ ಭಾಷೆಯಲ್ಲಿಯೂ ಒಂದು ಅಳತೆಯಲ್ಲ. ಒಬ್ಬರ ಸ್ವಲ್ಪವು ಇನ್ನೊಬ್ಬರ ಬಹಳವಾಗಿರಬಹುದು.

ಔಷಧವು ಔಷಧವಾಗುವುದು ಪ್ರಮಾಣದಿಂದ. ನುಂಗುವ ಮದ್ದಿಗೆ ಸಲ್ಲುವ ಈ ಮಾತು ಹಚ್ಚುವ ಮದ್ದಿಗೂ ಅಷ್ಟೇ ಸಲ್ಲುತ್ತದೆ. ಕಡಿಮೆಯಾದರೆ ರೋಗವು ಉಳಿಯುತ್ತದೆ, ಹೆಚ್ಚಾದರೆ ಮದ್ದೇ ಬಾಧಕವಾಗುತ್ತದೆ. ಹಾಗಾದರೆ ಸರಿಯಾದ ಪ್ರಮಾಣವನ್ನು ತಿಳಿಯುವ ಬಗೆ ಹೇಗೆ? ಅದನ್ನು ಹೆತ್ತವರಿಗೂ ನಮ್ಮ ವಿದ್ಯಾರ್ಥಿಗಳಿಗೂ ವಿವರಿಸುವುದೇ ಈ ಲೇಖನದ ಉದ್ದೇಶ. ಇದನ್ನು ಬರೆಯಲು ನಮ್ಮ ಶಾಲೆಯಲ್ಲಿ ನಡೆದ ಒಂದು ಸಂಗತಿಯು ಕಾರಣ. ಅದರಲ್ಲಿ ನಮ್ಮ ತಪ್ಪೂ ಉಂಟು. ಆದುದರಿಂದ ಅದನ್ನು ಮೊದಲು ಹೇಳುವುದು ನ್ಯಾಯ.

ಮೂರು ಸಲ ಮರಳಿದ ಕಜ್ಜಿ

ಕೆಲವು ವರ್ಷಗಳ ಹಿಂದಿನ ಮಳೆಗಾಲ. ಐದನೆಯ ತರಗತಿಯ ಹುಡುಗನೊಬ್ಬನ ಬೆರಳ ಸಂದುಗಳಲ್ಲಿಯೂ ಮಣಿಕಟ್ಟಿನಲ್ಲಿಯೂ ತುರಿಕಜ್ಜಿ ಕಾಣಿಸಿಕೊಂಡಿತು. ರಾತ್ರಿಯೆಲ್ಲ ತುರಿಸಿಕೊಂಡು ನಿದ್ದೆಗೆಟ್ಟ ಹುಡುಗನು ಹಗಲು ತರಗತಿಯಲ್ಲಿ ತೂಕಡಿಸುತ್ತಿದ್ದನು. ಇತರ ಮಕ್ಕಳಿಗೆ ಹರಡೀತೆಂಬ ಭಯದಿಂದ ನಾವು ಅವನನ್ನು, "ಪೂರ್ತಿ ಗುಣವಾದ ಮೇಲೆ ಬಾ" ಎಂದು ಮನೆಗೆ ಕಳುಹಿಸಿದೆವು. ಅವನ ತಾಯಿ ಮದ್ದಿನ ಅಂಗಡಿಯಿಂದ ಒಂದು ಟ್ಯೂಬು ಮುಲಾಮನ್ನು ತಂದು ಕಜ್ಜಿ ಕಂಡ ಕಡೆಗೆಲ್ಲ ಹಚ್ಚಿದರು. ಕೆಲವು ದಿನಗಳಲ್ಲಿ ವಾಸಿಯಾದಂತೆ ತೋರಿತು. ಹುಡುಗನು ಶಾಲೆಗೆ ಬಂದನು. ತಿಂಗಳು ಕಳೆಯುವುದರೊಳಗೆ ಕಜ್ಜಿಯು ಪುನಃ ಬಂತು, ನಾವು ಪುನಃ ಮನೆಗೆ ಕಳುಹಿಸಿದೆವು. ಮೂರನೆಯ ಸಲವೂ ಹಾಗೆಯೇ ಆಯಿತು. ಓಣಂ ರಜೆಗೆ ಮೊದಲಿನ ಪರೀಕ್ಷೆ ಅವನಿಗೆ ತಪ್ಪಿತು. ಲೆಕ್ಕದಲ್ಲಿ ಚುರುಕಾಗಿದ್ದವನು ಭಿನ್ನರಾಶಿಯ ಪಾಠಗಳನ್ನು ಕೇಳಲೇ ಇಲ್ಲ. ಸಹಪಾಠಿಗಳು ಅವನ ಬೆಂಚಿನಲ್ಲಿ ಕುಳ್ಳಿರಲು ಒಪ್ಪದಾದರು.

ತಾಯಿಯನ್ನು ಕರೆಸಿ, ಮಗುವನ್ನು ಶುಚಿಯಾಗಿಡಬೇಕೆಂದು ನಾವು ಉಪದೇಶ ಮಾಡಿದೆವು. ಆಕೆ ತಲೆತಗ್ಗಿಸಿ, "ದಿನಾ ಮೀಯಿಸುತ್ತೇನೆ ಮಾಸ್ಟ್ರೇ, ಮದ್ದೂ ಹಚ್ಚುತ್ತೇನೆ" ಎಂದರು. ನಾವು ಆ ಮಾತನ್ನು ಪೂರ್ಣವಾಗಿ ನಂಬಲಿಲ್ಲ.

ಕೊನೆಗೆ ಮಕ್ಕಳ ಆರೋಗ್ಯ ತಪಾಸಣೆಗಾಗಿ ಶಾಲೆಗೆ ಬಂದ ವೈದ್ಯರೊಬ್ಬರು ಹುಡುಗನನ್ನು ನೋಡಿ, ತಾಯಿಯೊಡನೆ ಎರಡೇ ಪ್ರಶ್ನೆಗಳನ್ನು ಕೇಳಿದರು: "ಮುಲಾಮು ಎಷ್ಟು ತಂದಿರಿ? ಮನೆಯಲ್ಲಿ ಎಷ್ಟು ಮಂದಿ ಇದ್ದೀರಿ?" ಒಂದು ಟ್ಯೂಬು ಎರಡು ಸಲದ ಚಿಕಿತ್ಸೆಗೆ ಸಾಕಾಗಿತ್ತೆಂದೂ, ಮನೆಯಲ್ಲಿ ಐದು ಮಂದಿ ಇರುವರೆಂದೂ ಉತ್ತರ ಬಂತು. ವೈದ್ಯರು ನಮ್ಮತ್ತ ತಿರುಗಿ, "ಮದ್ದು ಸೋತದ್ದಲ್ಲ ಮಾಸ್ಟ್ರೇ, ಮದ್ದು ಮೈಗೆ ತಲಪಲೇ ಇಲ್ಲ" ಎಂದರು. ತಾಯಿಯು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆಕೆಗೆ ಪ್ರಮಾಣವನ್ನು ಯಾರೂ ಹೇಳಿರಲಿಲ್ಲ, ಅಷ್ಟೆ.

ಕಾಣದ ಹುಳುಗಳ ಲೆಕ್ಕ

ತುರಿಕಜ್ಜಿಯು ಒಂದು ಅತಿ ಸಣ್ಣ ಹುಳುವಿನಿಂದ ಉಂಟಾಗುವ ರೋಗ. ಹೆಣ್ಣು ಹುಳುವಿನ ಉದ್ದ ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು. ಅದು ಚರ್ಮದ ಹೊರಪದರದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಮೂರು ನಾಲ್ಕು ದಿನಗಳಲ್ಲಿ ಮೊಟ್ಟೆ ಒಡೆದು ಮರಿಗಳಾಗುತ್ತವೆ. ೧೯೪೧ರಿಂದ ಮುಂದಕ್ಕೆ, ಮಹಾಯುದ್ಧದ ಕಾಲದಲ್ಲಿ, ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಕೆನೆತ್ ಮೆಲನ್ಬಿ ಎಂಬ ವಿಜ್ಞಾನಿಯು ಸ್ವಯಂಸೇವಕರ ನೆರವಿನಿಂದ ಈ ರೋಗವನ್ನು ವಿವರವಾಗಿ ಅಭ್ಯಾಸ ಮಾಡಿದನು. ಅವನು ಕಂಡುಕೊಂಡ ಎರಡು ಸಂಗತಿಗಳು ನಮ್ಮನ್ನು ಬೆರಗುಗೊಳಿಸುತ್ತವೆ. ಮೈಯೆಲ್ಲ ತುರಿಸಿಕೊಳ್ಳುವ ಸಾಮಾನ್ಯ ರೋಗಿಯ ಶರೀರದಲ್ಲಿರುವ ದೊಡ್ಡ ಹೆಣ್ಣು ಹುಳುಗಳ ಸಂಖ್ಯೆ ಸರಾಸರಿ ಹನ್ನೊಂದು ಮಾತ್ರ. ರೋಗವು ಹರಡುವುದು ಹೊದಿಕೆ ಹಾಸಿಗೆಗಳಿಂದಲ್ಲ, ಬಹುಮಟ್ಟಿಗೆ ಮೈಗೆ ಮೈ ತಗಲುವುದರಿಂದ. ಒಂದೇ ಚಾಪೆಯಲ್ಲಿ ಮಲಗುವ ಅಣ್ಣ ತಂಗಿಯರಿಗೆ, ಮಗುವನ್ನು ಎತ್ತಿ ಆಡಿಸುವ ಅಜ್ಜಿಗೆ ಅದು ತಗಲುತ್ತದೆ. ಇದರಲ್ಲಿ ಕೊಳಕಿನ ಪ್ರಶ್ನೆಯಿಲ್ಲ, ನಾಚಿಕೆಗೂ ಕಾರಣವಿಲ್ಲ.

ಈಗ ಯೋಚಿಸಿ ನೋಡಿ. ಹನ್ನೊಂದು ಹುಳುಗಳು ಮೈಯ ಯಾವ ಮೂಲೆಯಲ್ಲಿ ಅಡಗಿವೆಯೋ ತಿಳಿಯದು. ತುರಿಕೆಯುಂಟಾಗುವುದು ಹುಳು ಇರುವಲ್ಲಿ ಮಾತ್ರವಲ್ಲ. ಶರೀರವು ಅದಕ್ಕೆ ತೋರುವ ಪ್ರತಿಕ್ರಿಯೆಯಿಂದ ಬೇರೆ ಕಡೆಗಳಲ್ಲಿಯೂ ಉಂಟಾಗುತ್ತದೆ. ಆದುದರಿಂದ ತುರಿಸುವಲ್ಲಿಗೆ ಮಾತ್ರ ಮುಲಾಮು ಹಚ್ಚಿದರೆ ನಾಲ್ಕಾರು ಹುಳುಗಳು ಸಾಯಬಹುದು, ಉಳಿದವು ವಂಶವನ್ನು ಬೆಳೆಸುತ್ತವೆ. ಅಲ್ಲದೆ ಮೊದಲ ಸಲ ಹುಳು ತಗಲಿದವರಿಗೆ ನಾಲ್ಕರಿಂದ ಆರು ವಾರಗಳ ತನಕ ತುರಿಕೆಯೇ ಇರುವುದಿಲ್ಲ. ಆ ಅವಧಿಯಲ್ಲಿ ಅವರು ತಮಗೆ ತಿಳಿಯದೆ ರೋಗವನ್ನು ಹರಡುತ್ತಿರುತ್ತಾರೆ. ನಮ್ಮ ಹುಡುಗನಿಗೆ ಕಜ್ಜಿಯನ್ನು ಮರಳಿ ಕೊಟ್ಟದ್ದು ಅವನ ಮನೆಯವರ ವಾತ್ಸಲ್ಯವೇ ಎನ್ನಬೇಕು.

ಈ ರೋಗಕ್ಕೆ ಇಂದು ಹೆಚ್ಚಾಗಿ ಕೊಡುವ ಮದ್ದು ಶೇಕಡಾ ೫ರ ಪರ್ಮೆಥ್ರಿನ್ ಮುಲಾಮು. ಕುತ್ತಿಗೆಯಿಂದ ಕೆಳಗೆ ಅಂಗಾಲಿನವರೆಗೆ, ಬೆರಳ ಸಂದು, ಉಗುರ ಅಡಿ, ಕಂಕುಳು, ಹೊಕ್ಕುಳು, ತೊಡೆಯ ಸಂದು, ಪೃಷ್ಠ ಒಂದನ್ನೂ ಬಿಡದೆ ಹಚ್ಚತಕ್ಕದ್ದು. ಮಿಂದು ಮೈ ಒರಸಿ, ಮೈ ತಣಿದ ಮೇಲೆ, ರಾತ್ರಿ ಮಲಗುವ ಮೊದಲು ಹಚ್ಚಿ, ಎಂಟರಿಂದ ಹನ್ನೆರಡು ಗಂಟೆಗಳ ಬಳಿಕ ತೊಳೆಯಬೇಕು. ನಡುವೆ ಕೈ ತೊಳೆದರೆ ಕೈಗೆ ಪುನಃ ಹಚ್ಚಬೇಕು. ಒಡೆದು ಬರುವ ಮರಿಗಳಿಗಾಗಿ ಏಳು ದಿನಗಳ ಅನಂತರ ಇನ್ನೊಮ್ಮೆ ಇದೇ ಕ್ರಮ. ತುರಿಕೆ ಇರಲಿ, ಇಲ್ಲದಿರಲಿ, ಮನೆಯವರೆಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಎಳೆಯ ಶಿಶುಗಳಿಗೂ ಗರ್ಭಿಣಿಯರಿಗೂ ವೈದ್ಯರನ್ನು ಕೇಳಿಯೇ ಹಚ್ಚತಕ್ಕದ್ದು. ಶಿಶುಗಳ ತಲೆ ಮುಖಗಳಿಗೂ ಹಚ್ಚಬೇಕಾಗುವುದುಂಟು.

ಇನ್ನು ಪ್ರಮಾಣ. ಪ್ರಾಯದವರೊಬ್ಬರಿಗೆ ಒಂದು ಸಲಕ್ಕೆ ಬೇಕಾದದ್ದು ಸುಮಾರು ೩೦ ಗ್ರಾಂ; ಹತ್ತು ವರ್ಷದೊಳಗಿನ ಶಾಲಾ ಬಾಲಕನಿಗೆ ಅದರ ಅರ್ಧ. ಆ ಮನೆಯಲ್ಲಿ ತಂದೆ, ತಾಯಿ, ಅಜ್ಜಿ, ಇಬ್ಬರು ಮಕ್ಕಳು. ಮೂರು ಮಂದಿಗೆ ೯೦ ಗ್ರಾಂ, ಮಕ್ಕಳಿಬ್ಬರಿಗೆ ೩೦ ಗ್ರಾಂ, ಒಟ್ಟು ೧೨೦. ಎರಡು ಸಲಕ್ಕೆ ೨೪೦ ಗ್ರಾಂ, ಅಂದರೆ ೩೦ ಗ್ರಾಮಿನ ಎಂಟು ಟ್ಯೂಬುಗಳು. ಒಂದು ಟ್ಯೂಬು ಎಲ್ಲಿ, ಎಂಟು ಟ್ಯೂಬುಗಳೆಲ್ಲಿ! ಕೂಲಿಯನ್ನೇ ನಂಬಿದ ಆ ಸಂಸಾರಕ್ಕೆ ಅಷ್ಟನ್ನು ಒಮ್ಮೆಗೇ ಕೊಳ್ಳುವುದು ಸುಲಭವಿರಲಿಲ್ಲ. ಸರಕಾರಿ ಆಸ್ಪತ್ರೆಯಿಂದ ದೊರೆತಷ್ಟನ್ನು ತಂದು, ಉಳಿದುದನ್ನು ನಮ್ಮ ಸಂಘದ ವಿದ್ಯಾರ್ಥಿ ಸಹಾಯನಿಧಿಯಿಂದ ಒದಗಿಸಿದೆವು. ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಂಡರು. ಉಟ್ಟ ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದರು. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮೂರು ದಿನ ಬಿಗಿಯಾಗಿ ಕಟ್ಟಿಟ್ಟರು. ಮನುಷ್ಯನ ಮೈ ಬಿಟ್ಟರೆ ಈ ಹುಳು ಸಾಮಾನ್ಯವಾಗಿ ಎರಡು ಮೂರು ದಿನಗಳಿಗಿಂತ ಹೆಚ್ಚು ಬದುಕಲಾರದು. ಕಜ್ಜಿಯು ಹೋಯಿತು, ಅನಂತರ ಬರಲಿಲ್ಲ. ಚಿಕಿತ್ಸೆಯ ಬಳಿಕವೂ ಎರಡರಿಂದ ನಾಲ್ಕು ವಾರ ತುರಿಕೆ ಉಳಿಯಬಹುದೆಂದೂ, ಅದನ್ನು ಕಂಡು ಪುನಃ ಪುನಃ ಮುಲಾಮು ಹಚ್ಚಬಾರದೆಂದೂ ವೈದ್ಯರು ಮೊದಲೇ ಎಚ್ಚರಿಸಿದ್ದರು.

ಅಂದು ವೈದ್ಯರು ಹೇಳಿದ ಇನ್ನೊಂದು ಮಾತು ನಮ್ಮನ್ನು ಇಂದಿಗೂ ಚುಚ್ಚುತ್ತದೆ. ಸರಿಯಾಗಿ ಒಂದು ಸಲ ಮದ್ದು ಹಚ್ಚಿದ ಮರುದಿನವೇ ಮಗುವು ಶಾಲೆಗೆ ಬರಬಹುದು. ನಾವು ವಾರಗಟ್ಟಲೆ ಮನೆಯಲ್ಲಿ ಕೂರಿಸಿದ್ದೆವು.

ಬೆರಳ ತುದಿಯ ಅಳತೆ

ಕಜ್ಜಿಯದು ಇಡೀ ಮೈಯ ಲೆಕ್ಕ. ಆದರೆ ಇಸಬು, ಹುಳುಕಡ್ಡಿ ಮೊದಲಾದವು ಮೈಯ ಒಂದೊಂದು ಭಾಗದಲ್ಲಿ ಇರುತ್ತವೆ. ಅಲ್ಲಿ ತಕ್ಕಡಿಯಿಲ್ಲದೆ ಗ್ರಾಮನ್ನು ಅಳೆಯುವುದು ಹೇಗೆ? ಈ ತೊಡಕಿಗೆ ೧೯೯೧ರಲ್ಲಿ ಲಾಂಗ್ ಮತ್ತು ಫಿನ್ಲೇ ಎಂಬ ಇಬ್ಬರು ಚರ್ಮವೈದ್ಯರು ಬಲು ಸರಳವಾದ ಪರಿಹಾರವನ್ನು ಸೂಚಿಸಿದರು. ಅಳತೆಗೋಲು ಪ್ರತಿಯೊಬ್ಬರ ಕೈಯಲ್ಲಿಯೇ ಇದೆ!

ಪ್ರಾಯದವರ ತೋರುಬೆರಳನ್ನು ಮುಂದಕ್ಕೆ ಚಾಚಿರಿ. ಬೆರಳ ತುದಿಯಿಂದ ಮೊದಲನೆಯ ಗೆಣ್ಣಿನ ಗೆರೆಯವರೆಗೆ, ೫ ಮಿಲಿಮೀಟರು ಅಗಲದ ಬಾಯುಳ್ಳ ಟ್ಯೂಬಿನಿಂದ ಮುಲಾಮನ್ನು ಒಂದು ಗೆರೆಯಾಗಿ ಹಿಂಡಿರಿ. ಇದೇ 'ಬೆರಳ ತುದಿಯ ಅಳತೆ'. ಇದರ ತೂಕ ಸುಮಾರು ಅರ್ಧ ಗ್ರಾಂ. ಬೆರಳುಗಳನ್ನು ಕೂಡಿಸಿ ಚಾಚಿದ ಎರಡು ಅಂಗೈಗಳಷ್ಟು ಜಾಗಕ್ಕೆ, ಅಂದರೆ ಸುಮಾರು ೩೦೦ ಚದರ ಸೆಂಟಿಮೀಟರಿಗೆ, ಇದು ಸಾಕಾಗುತ್ತದೆ. ಗಂಡಸರ ಬೆರಳಿಗೂ ಹೆಂಗಸರ ಬೆರಳಿಗೂ ಅಲ್ಪ ವ್ಯತ್ಯಾಸವಿದೆ. ಮನೆಯ ಲೆಕ್ಕಕ್ಕೆ ಅದು ಬಾಧಕವಲ್ಲ. ರೋಗವು ಎಷ್ಟು ಅಂಗೈಗಳಷ್ಟು ಅಗಲವಾಗಿದೆ ಎಂದು ನೋಡಿ, ಎರಡು ಅಂಗೈಗೆ ಒಂದು ಬೆರಳ ತುದಿಯಂತೆ ಲೆಕ್ಕ ಹಾಕಿದರಾಯಿತು.

ಅಂಗಗಳಿಗೆ ತಕ್ಕಂತೆ ಸಿದ್ಧವಾದ ಲೆಕ್ಕವೂ ಉಂಟು. ಒಂದು ಸಲ ಹಚ್ಚಲು ಬೇಕಾಗುವ ಬೆರಳ ತುದಿಗಳ ಸಂಖ್ಯೆ ಹೀಗಿದೆ:

ಪ್ರಾಯದವರಿಗೆ: ಮುಖ ಮತ್ತು ಕುತ್ತಿಗೆಗೆ ೨½, ಒಂದು ತೋಳು ಮತ್ತು ಕೈಗೆ ೪, ಒಂದು ಕಾಲು ಮತ್ತು ಪಾದಕ್ಕೆ ೮, ಎದೆ ಹೊಟ್ಟೆಗಳಿಗೆ ೭, ಬೆನ್ನು ಪೃಷ್ಠಗಳಿಗೆ ೭.

೬ರಿಂದ ೧೦ ವರ್ಷದ ಮಕ್ಕಳಿಗೆ: ಮುಖ ಮತ್ತು ಕುತ್ತಿಗೆಗೆ ೨; ಒಂದು ತೋಳು ಮತ್ತು ಕೈಗೆ ೨½; ಒಂದು ಕಾಲು ಮತ್ತು ಪಾದಕ್ಕೆ ೪½; ಎದೆ ಹೊಟ್ಟೆಗಳಿಗೆ ೩½; ಬೆನ್ನು ಪೃಷ್ಠಗಳಿಗೆ ೫.

೩ರಿಂದ ೫ ವರ್ಷದ ಮಕ್ಕಳಿಗೆ: ಅದೇ ಕ್ರಮದಲ್ಲಿ ೧½; ೨; ೩; ೩; ೩½.

೧ರಿಂದ ೨ ವರ್ಷದ ಮಕ್ಕಳಿಗೆ: ಅದೇ ಕ್ರಮದಲ್ಲಿ ೧½, ೧½, ೨, ೨, ೩.

ಇಲ್ಲಿ ಒಂದು ಎಚ್ಚರಿಕೆ. ಮೈ ಮಗುವಿನದಾದರೂ ಅಳೆಯುವ ಬೆರಳು ಹಿರಿಯರದೇ ಆಗಿರಬೇಕು. ಮಗುವಿನ ಬೆರಳಿನಿಂದ ಅಳೆದರೆ ಲೆಕ್ಕ ತಪ್ಪುತ್ತದೆ.

ಬೆರಳಿನಿಂದ ಅಳೆಯುವುದು ನಮ್ಮ ನಾಡಿಗೆ ಹೊಸತಲ್ಲ. 'ಅಂಗುಲ'ವೆಂಬ ಮಾತೇ ಬೆರಳಿನಿಂದ ಬಂದುದು. ನಮ್ಮ ಪ್ರಾಚೀನ ವೈದ್ಯರು ರೋಗಿಯ ಶರೀರವನ್ನು ಅವನ ಬೆರಳಿನಿಂದಲೇ ಅಳೆಯುತ್ತಿದ್ದರು. ಲೇಪವನ್ನು ಎಷ್ಟು ದಪ್ಪವಾಗಿ ಹಚ್ಚಬೇಕೆಂಬುದನ್ನು ಸುಶ್ರುತನು ತನ್ನ ಸಂಹಿತೆಯಲ್ಲಿ ವಿಧಿಸಿದ್ದಾನೆ. ಎಮ್ಮೆಯ ಹಸಿ ಚರ್ಮದ ದಪ್ಪವು ಅವನ ಮಾನ. ಅದು ಅರೆದ ಮೂಲಿಕೆಗಳ ಲೇಪಕ್ಕೆ ಹೇಳಿದ ಮಾತು. ಇಂದಿನ ಮುಲಾಮಿಗೆ ಸಲ್ಲದು. ಆದರೂ 'ಸ್ವಲ್ಪ'ವೆಂದು ಹೇಳಿ ಬಿಡದೆ ಒಂದು ಪ್ರಮಾಣವನ್ನು ಕೊಡಬೇಕೆಂಬ ವಿವೇಕವು ಆ ಕಾಲದಲ್ಲಿಯೂ ಇತ್ತೆಂಬುದು ಗಮನಾರ್ಹ.

ವಿದ್ಯಾರ್ಥಿಗಳಿಗೊಂದು ಲೆಕ್ಕ

ನಮ್ಮ ವಿದ್ಯಾರ್ಥಿಗಳು ಈ ಲೆಕ್ಕವನ್ನು ಸ್ಲೇಟಿನಲ್ಲಿಯೋ ಪುಸ್ತಕದಲ್ಲಿಯೋ ಮಾಡಿ ನೋಡಲಿ. ಎಂಟು ವರ್ಷದ ಬಾಲಕಿಯೊಬ್ಬಳಿಗೆ ಎರಡು ತೋಳುಗಳ ತುಂಬ ಇಸಬು ಇದೆ. ವೈದ್ಯರು ಒಂದು ಮುಲಾಮನ್ನು ಬರೆದು, ದಿನಕ್ಕೆ ಎರಡು ಸಲದಂತೆ ಏಳು ದಿನ ಹಚ್ಚಬೇಕೆಂದು ಹೇಳಿದ್ದಾರೆ. ೧೫ ಗ್ರಾಮಿನ ಒಂದು ಟ್ಯೂಬು ಸಾಕಾಗುವುದೇ?

ಒಂದು ತೋಳಿಗೆ ೨½ ಬೆರಳ ತುದಿ. ಎರಡು ತೋಳುಗಳಿಗೆ ೫. ಒಂದು ಬೆರಳ ತುದಿಗೆ ಅರ್ಧ ಗ್ರಾಮಿನಂತೆ ಒಂದು ಸಲಕ್ಕೆ ೨½ ಗ್ರಾಂ. ದಿನಕ್ಕೆ ಎರಡು ಸಲವಾದುದರಿಂದ ೫ ಗ್ರಾಂ. ಏಳು ದಿನಕ್ಕೆ ೩೫ ಗ್ರಾಂ. ಹಾಗಾದರೆ ೧೫ ಗ್ರಾಮಿನ ಟ್ಯೂಬು ಮೂರೇ ದಿನಗಳಿಗೆ ಮುಗಿಯಬೇಕು. ಅದನ್ನು ವಾರವಿಡೀ ಉಳಿಸಿಕೊಂಡು ಬಂದ ತಾಯಿಯು ಮಿತವ್ಯಯ ಮಾಡಿದೆನೆಂದು ತಿಳಿದಾಳು. ನಿಜವಾಗಿ ಮಗುವಿಗೆ ದೊರೆತದ್ದು ಬೇಕಾದುದರ ಅರ್ಧಕ್ಕಿಂತಲೂ ಕಡಿಮೆ. ಏಳು ದಿನಗಳಲ್ಲಿ ಗುಣವಾಗಬಹುದಾದ ರೋಗವು ತಿಂಗಳುಗಟ್ಟಲೆ ಎಳೆಯುತ್ತದೆ. "ಈ ಮದ್ದು ಹಿಡಿಯಲಿಲ್ಲ" ಎಂದು ಇನ್ನೂ ತೀಕ್ಷ್ಣವಾದ ಮದ್ದಿಗೆ ಹೋಗುತ್ತೇವೆ. ಮಿತವ್ಯಯವು ಕೊನೆಗೆ ದುಬಾರಿಯಾಗುತ್ತದೆ.

ಚೀಟಿ ಬರೆಯುವವರಿಗೂ ಈ ಲೆಕ್ಕವು ಸಲ್ಲುತ್ತದೆ. ಮುಲಾಮಿನ ಹೆಸರಿನ ಮುಂದೆ ಎಷ್ಟು ಗ್ರಾಂ ಎಂದು ಬರೆದಿದ್ದರೆ ರೋಗಿಯು ಅಂಗಡಿಯಲ್ಲಿ ತನಗೆ ತೋಚಿದಂತೆ ಒಂದು ಸಣ್ಣ ಟ್ಯೂಬನ್ನು ಕೊಂಡು ಹಿಂದಿರುಗಲಾರನು.

ಎಲ್ಲ ಚರ್ಮವೂ ಒಂದೇ ಅಲ್ಲ

ಇಷ್ಟನ್ನು ಓದಿದವರು, "ಹಾಗಾದರೆ ಧಾರಾಳವಾಗಿ ಬಳಿಯೋಣ" ಎಂದು ಹೊರಡಬಾರದು. ಮುಲಾಮಿನಲ್ಲಿ ಕೆಲಸ ಮಾಡುವುದು ಚರ್ಮಕ್ಕೆ ತಗಲಿದ ತೆಳುವಾದ ಪದರ ಮಾತ್ರ. ಅದರ ಮೇಲೆ ಗೋಡೆಗೆ ಸುಣ್ಣ ಬಳಿದಂತೆ ದಪ್ಪವಾಗಿ ಹಚ್ಚಿದ್ದು ಬಟ್ಟೆಗೆ ಹೋಗುತ್ತದೆ, ಹಾಸಿಗೆಗೆ ಹೋಗುತ್ತದೆ.

ಅದಕ್ಕಿಂತಲೂ ಮುಖ್ಯವಾದ ಮಾತು ಬೇರೊಂದಿದೆ. ಚರ್ಮದ ಹೊರಪದರವು ಅಂಗೈ ಅಂಗಾಲುಗಳಲ್ಲಿ ದಪ್ಪ, ಕಣ್ಣಿನ ರೆಪ್ಪೆಯಲ್ಲಿ ಅತಿ ತೆಳು. ಆದುದರಿಂದ ಒಂದೇ ಪ್ರಮಾಣದ ಮುಲಾಮು ಬೇರೆ ಬೇರೆ ಕಡೆಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಒಳಸೇರುತ್ತದೆ. ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬವರು ೧೯೬೭ರಲ್ಲಿ ಹೈಡ್ರೊಕಾರ್ಟಿಸೋನ್ ಎಂಬ ಔಷಧವನ್ನು ಹಚ್ಚಿ ಇದನ್ನು ಅಳೆದರು. ಮುಂಗೈಯಲ್ಲಿ ಒಳಸೇರುವುದನ್ನು ಒಂದು ಎಂದು ಇಟ್ಟುಕೊಂಡರೆ, ಅಂಗಾಲಿನಲ್ಲಿ ಅದರ ಏಳನೆಯ ಒಂದು ಪಾಲು ಮಾತ್ರ. ಹಣೆಯಲ್ಲಿ ಆರು ಪಾಲು. ದವಡೆಯ ಮೂಲೆಯಲ್ಲಿ ಹದಿಮೂರು ಪಾಲು. ವೃಷಣದ ಚರ್ಮದಲ್ಲಿ ನಲವತ್ತೆರಡು ಪಾಲು! ಕಾಲಿಗೆಂದು ಕೊಟ್ಟ ಮುಲಾಮನ್ನು ಮುಖಕ್ಕೆ ಹಚ್ಚಬಾರದೆಂಬ ಮಾತಿನ ಅರ್ಥ ಇದು. ಅಣ್ಣನ ಕೈಗೆ ಕೊಟ್ಟುದನ್ನು ತಂಗಿಯ ಕೆನ್ನೆಗೆ ಹಚ್ಚಿದರೆ ಮದ್ದು ಒಂದೇ ಆದರೂ ಪ್ರಮಾಣವು ಒಂದೇ ಆಗಿರುವುದಿಲ್ಲ.

ಸ್ಟೀರಾಯ್ಡ್ ಎಂಬ ವರ್ಗಕ್ಕೆ ಸೇರಿದ ಮುಲಾಮುಗಳ ವಿಷಯದಲ್ಲಿ ಈ ಎಚ್ಚರಿಕೆಯು ಅತ್ಯವಶ್ಯ. ೧೯೫೨ರಲ್ಲಿ ಸಲ್ಜ್‌ಬರ್ಗರ್ ಮತ್ತು ವಿಟ್ಟನ್ ಎಂಬ ವೈದ್ಯರು ಹೈಡ್ರೊಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿ ಇಸಬನ್ನು ತಗ್ಗಿಸಿದುದು ಚರ್ಮವೈದ್ಯದಲ್ಲಿ ಒಂದು ಹೊಸ ಯುಗದ ಆರಂಭ. ಮುಂದೆ ಅದಕ್ಕಿಂತ ಅನೇಕ ಪಾಲು ತೀಕ್ಷ್ಣವಾದ ಔಷಧಗಳು ಬಂದವು. ತಕ್ಕ ರೋಗಕ್ಕೆ, ತಕ್ಕ ಪ್ರಮಾಣದಲ್ಲಿ, ತಕ್ಕಷ್ಟು ದಿನ ಹಚ್ಚಿದರೆ ಇವು ಮಹೋಪಕಾರಿಗಳು. ಅಳತೆಯಿಲ್ಲದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವು ಕಾಗದದಂತೆ ತೆಳುವಾಗುತ್ತದೆ, ತೊಡೆ ಕಂಕುಳುಗಳಲ್ಲಿ ಮಾಸದ ಗೆರೆಗಳು ಮೂಡುತ್ತವೆ, ಮುಖವು ಕೆಂಪೇರಿ ಮೊಡವೆಗಳಾಗುತ್ತವೆ. ಮುಖ ಬೆಳ್ಳಗಾಗುವುದೆಂಬ ಆಸೆಯಿಂದ ಇಂತಹ ಮುಲಾಮನ್ನು ದಿನನಿತ್ಯ ಹಚ್ಚುವವರು ಇದನ್ನು ನೆನಪಿಡತಕ್ಕದ್ದು. ಹೀಗೆ ಹಚ್ಚಿದ ಹುಡುಗಿಯರ ಕೆನ್ನೆಯ ಪಾಡನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಹುಳುಕಡ್ಡಿಗೆ ಇವನ್ನು ಹಚ್ಚುವುದು ಇನ್ನೂ ಅಪಾಯಕರ. ಹುಳುಕಡ್ಡಿಯು ಶಿಲೀಂಧ್ರದಿಂದ ಬರುವ ರೋಗ. ಹುಳುವಿಗೂ ಅದಕ್ಕೂ ಸಂಬಂಧವಿಲ್ಲ. ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಮೊದಲೆರಡು ದಿನ ತುರಿಕೆ ಕೆಂಪು ಅಡಗುತ್ತವೆ. ಆದರೆ ಚರ್ಮದ ರಕ್ಷಣಾಶಕ್ತಿ ಕುಗ್ಗಿ ಶಿಲೀಂಧ್ರವು ಮೆಲ್ಲನೆ ಹಬ್ಬುತ್ತದೆ, ರೋಗದ ರೂಪವೇ ಬದಲಾಗಿ ವೈದ್ಯರಿಗೂ ಗುರುತಿಸುವುದು ಕಷ್ಟವಾಗುತ್ತದೆ. ನಮ್ಮ ದೇಶದಲ್ಲಿ ಹಟಮಾರಿ ಹುಳುಕಡ್ಡಿಯು ಇಷ್ಟೊಂದು ಹೆಚ್ಚಲು ಇಂತಹ ಮುಲಾಮುಗಳ ದುರುಪಯೋಗವೂ ಒಂದು ಕಾರಣವೆಂದು ಚರ್ಮವೈದ್ಯರು ಹೇಳುತ್ತಾರೆ. ೨೦೧೮ರಲ್ಲಿ ಭಾರತ ಸರಕಾರವು ಅನೇಕ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಕೇಳುವವರು ನಾವು ನಿಲ್ಲಿಸದೆ ನಿಯಮದಿಂದ ಮಾತ್ರ ಫಲವಿಲ್ಲ.

ಹುಳುಕಡ್ಡಿಗೆ ಶಿಲೀಂಧ್ರನಾಶಕ ಮುಲಾಮು ಬೇಕು. ಅದಕ್ಕೆ ನಮ್ಮ ಚರ್ಮವೈದ್ಯರು 'ಎರಡರ ಸೂತ್ರ'ವೊಂದನ್ನು ಹೇಳುತ್ತಾರೆ: ದಿನಕ್ಕೆ ಎರಡು ಸಲ, ಕಲೆಯ ಅಂಚಿನಿಂದ ಎರಡು ಸೆಂಟಿಮೀಟರು ಹೊರಗಿನವರೆಗೆ, ವಾಸಿಯಾದ ಮೇಲೆ ಇನ್ನೂ ಎರಡು ವಾರ. ತುರಿಕೆ ನಿಂತಿತೆಂದು ಬಿಟ್ಟರೆ ಉಳಿದ ಬೀಜದಿಂದ ರೋಗವು ಮತ್ತೆ ಚಿಗುರುತ್ತದೆ. ಆಟಿಯ ಮಳೆಯಲ್ಲಿ ಅರೆ ಒಣಗಿದ ಬಟ್ಟೆಯನ್ನು ತೊಡುವುದೂ ಇದಕ್ಕೆ ಅನುಕೂಲವಾದ ನೆಲವನ್ನು ಒದಗಿಸುತ್ತದೆ.

ಸ್ಟೀರಾಯ್ಡಿನ ಹೆಸರು ಕೇಳಿ ಹೆದರಿ, ವೈದ್ಯರು ಕೊಟ್ಟುದನ್ನೂ ಸಾಸಿವೆಯಷ್ಟು ಹಚ್ಚುವ ಹೆತ್ತವರೂ ಇದ್ದಾರೆ. ಇಸಬಿನಿಂದ ನರಳುವ ಮಗುವಿಗೆ ಅದೂ ಅನ್ಯಾಯವೇ. ಭಯಕ್ಕೂ ಉದಾಸೀನಕ್ಕೂ ಮದ್ದು ಒಂದೇ, ಅದು ಅಳತೆ.

ಹಚ್ಚುವ ಕ್ರಮ

ಮೊದಲು ಕೈ ತೊಳೆದು ಒರಸಿಕೊಳ್ಳಿರಿ. ಬೇಕಾದಷ್ಟು ಮುಲಾಮನ್ನು ಬೆರಳಿನ ಮೇಲೆ ಅಳೆದು, ರೋಗವಿರುವ ಭಾಗದಲ್ಲಿ ಅಲ್ಲಲ್ಲಿ ಚುಕ್ಕಿಗಳಾಗಿ ಇಟ್ಟು, ಅನಂತರ ರೋಮಗಳ ದಿಕ್ಕಿನಲ್ಲಿ ಮೃದುವಾಗಿ ಹರಡಿರಿ. ಸುಶ್ರುತನು ಲೇಪವನ್ನು ರೋಮಗಳಿಗೆ ಎದುರಾಗಿ ಹಚ್ಚಬೇಕೆಂದನು. ಇಂದಿನ ಜಿಡ್ಡಿನ ಮುಲಾಮನ್ನು ಹಾಗೆ ಉಜ್ಜಿದರೆ ರೋಮಕೂಪಗಳು ಮುಚ್ಚಿ ಸಣ್ಣ ಗುಳ್ಳೆಗಳು ಏಳಬಹುದು. ಟ್ಯೂಬಿನ ಬಾಯಿಯನ್ನು ಹುಣ್ಣಿಗೆ ತಾಗಿಸಬಾರದು. ಹಚ್ಚಿದ ಮೇಲೆ ಕೈ ತೊಳೆಯಬೇಕು. ರೋಗವು ಕೈಯಲ್ಲಿಯೇ ಇದ್ದರೆ ತೊಳೆಯಬಾರದು. ಮನೆಯವರ ನಡುವೆ ಟ್ಯೂಬನ್ನು ಹಂಚಿಕೊಳ್ಳಬಾರದು. ಹಳೆಯ ಟ್ಯೂಬನ್ನು ಕಪಾಟಿನಿಂದ ತೆಗೆಯುವಾಗ ಅವಧಿಯ ದಿನಾಂಕವನ್ನು ನೋಡತಕ್ಕದ್ದು.

ಒಣ ಚರ್ಮವನ್ನು ಮೆತ್ತಗಿಡಲು ಹಚ್ಚುವ, ಔಷಧವಿಲ್ಲದ ಜಿಡ್ಡು ಲೇಪಗಳಿಗೆ ಬೆರಳ ತುದಿಯ ಲೆಕ್ಕ ಸಲ್ಲದು. ಅವನ್ನು ಧಾರಾಳವಾಗಿ ಹಚ್ಚಬೇಕು; ಮೈಯೆಲ್ಲ ಇಸಬಿರುವ ಮಗುವಿಗೆ ವಾರಕ್ಕೆ ಕಾಲು ಕಿಲೋ ಬೇಕಾಗುವುದೂ ಉಂಟು. ಆದರೆ ಇಂತಹ ಜಿಡ್ಡು ಹತ್ತಿದ ಬಟ್ಟೆಗೆ ಬೆಂಕಿಯು ಬೇಗ ಹತ್ತಿಕೊಳ್ಳುತ್ತದೆ. ಆ ಬಟ್ಟೆ ತೊಟ್ಟು ಒಲೆಯ ಮುಂದಾಗಲಿ ದೀಪದ ಬಳಿಯಾಗಲಿ ಕುಳ್ಳಿರಬಾರದು.

ಕೇಳಿ ಬರೆದುಕೊಳ್ಳುವುದು

ಕೊನೆಯದಾಗಿ ನಮ್ಮ ಊರಿಗೇ ವಿಶೇಷವಾದ ಒಂದು ಮಾತು. ೧೯೫೬ರಿಂದ ನಮ್ಮ ಸೀಮೆಯು ಕೇರಳದಲ್ಲಿದೆ. ಆಸ್ಪತ್ರೆಯಲ್ಲಿ ಆಡುವ ಮಾತು ಹೆಚ್ಚಾಗಿ ಮಲಯಾಳ, ಟ್ಯೂಬಿನ ಮೇಲಿನ ಬರಹ ಇಂಗ್ಲಿಷು, ಮನೆಯಲ್ಲಿ ಮದ್ದು ಹಚ್ಚುವ ಅಮ್ಮನಿಗೋ ಅಜ್ಜಿಗೋ ಓದಲು ಬರುವುದು ಕನ್ನಡ. ಇದು ಯಾರ ಮೇಲಿನ ದೂರೂ ಅಲ್ಲ. ವೈದ್ಯರೂ ದಾದಿಯರೂ ಕೇಳಿದರೆ ಸಹನೆಯಿಂದ ತಿಳಿಸುತ್ತಾರೆ. ನಾವು ಕೇಳುವುದಿಲ್ಲ, ಸಂಕೋಚಪಡುತ್ತೇವೆ. ಮೂರು ಭಾಷೆಗಳ ನಡುವೆ ಮದ್ದಿನ ಪ್ರಮಾಣವು ದಾರಿಯಲ್ಲಿಯೇ ಕಳೆದುಹೋಗುತ್ತದೆ.

ಈ ಸೇತುವೆಯನ್ನು ಕಟ್ಟಬಲ್ಲವರು ನಮ್ಮ ವಿದ್ಯಾರ್ಥಿಗಳು. ನೀವು ಮಲಯಾಳವನ್ನು ಕೇಳಿ ತಿಳಿಯಬಲ್ಲಿರಿ, ಇಂಗ್ಲಿಷನ್ನು ಓದಬಲ್ಲಿರಿ, ಕನ್ನಡವನ್ನು ಬರೆಯಬಲ್ಲಿರಿ. ಮನೆಯ ಹಿರಿಯರೊಡನೆ ಆಸ್ಪತ್ರೆಗೆ ಹೋದಾಗ ಆರು ಪ್ರಶ್ನೆಗಳನ್ನು ಕೇಳಿರಿ: ಎಲ್ಲಿಗೆ ಹಚ್ಚಬೇಕು? ಎಲ್ಲಿಗೆ ಹಚ್ಚಬಾರದು? ಒಂದು ಸಲಕ್ಕೆ ಎಷ್ಟು ಬೆರಳ ತುದಿ? ದಿನಕ್ಕೆ ಎಷ್ಟು ಸಲ? ಎಷ್ಟು ದಿನ? ಒಟ್ಟು ಎಷ್ಟು ಗ್ರಾಂ ಕೊಳ್ಳಬೇಕು? ಉತ್ತರಗಳನ್ನು ಒಂದು ಚೀಟಿಯಲ್ಲಿ ದಪ್ಪ ಅಕ್ಷರಗಳಿಂದ ಕನ್ನಡದಲ್ಲಿ ಬರೆದು ಟ್ಯೂಬಿಗೆ ಸುತ್ತಿ ದಾರ ಕಟ್ಟಿರಿ. ಅಜ್ಜಿಯು ಕನ್ನಡಕವೇರಿಸಿ ಅದನ್ನು ಓದಿ, ಬೆರಳ ಮೇಲೆ ಅಳೆದು ಹಚ್ಚಿದ ದಿನ ನೀವು ಕಲಿತ ಅಕ್ಷರವು ಸಾರ್ಥಕವಾಯಿತು.

ಆ ಐದನೆಯ ತರಗತಿಯ ಹುಡುಗನು ಈಗ ನಮ್ಮ ಹೈಸ್ಕೂಲಿನಲ್ಲಿದ್ದಾನೆ. ಕಳೆದ ಮಳೆಗಾಲದಲ್ಲಿ ಅವನ ನೆರೆಮನೆಯ ಮಗುವಿಗೆ ಕಜ್ಜಿಯಾದಾಗ, ಮನೆಯಲ್ಲಿ ಎಷ್ಟು ಮಂದಿ ಇದ್ದಾರೆಂದು ಎಣಿಸಿ, ಎಷ್ಟು ಗ್ರಾಂ ಬೇಕೆಂದು ಲೆಕ್ಕ ಹಾಕಿ, ಚೀಟಿ ಬರ್ಕೊಂಡು ಆ ಮನೆಯವರೊಡನೆ ಆಸ್ಪತ್ರೆಗೆ ಹೋದವನು ಅವನೇ. ಮಗುವಿಗೆ ಎರಡೇ ದಿನ ಶಾಲೆ ತಪ್ಪಿತು. ಅವನು ಕೇಳದೆ ಉಳಿದ ಭಿನ್ನರಾಶಿಯ ಪಾಠಗಳನ್ನು ನಾವು ಅನಂತರ ಸಂಜೆಯ ವೇಳೆ ಕೂತು ಕಲಿಸಿದ್ದೆವು. ಅದು ನಮ್ಮ ಸಾಲವಾಗಿತ್ತು. ಅವನು ಅದನ್ನು ಬಡ್ಡಿ ಸಮೇತ ಊರಿಗೆ ಹಿಂದಿರುಗಿಸಿದನು.